ಕಿವಿ ಕೇಳದ ಮಕ್ಕಳೂ ಗ್ರಾಮಶಾಲೆಗಳೂ



ವೀರಶೈವ ಶಾಸ್ತ್ರದಲ್ಲಿ ದೀಕ್ಷೆಯು ಮೂರು ವಿಧವಾಗಿ ಹೇಳಲ್ಪಟ್ಟಿದೆ. ವೇಧಾದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಡುವನು. ಮಂತ್ರದೀಕ್ಷೆಯಲ್ಲಿ ಕರ್ಣದಲ್ಲಿ ಮಂತ್ರವನ್ನುಪದೇಶಿಸುವನು. ಕ್ರಿಯಾದೀಕ್ಷೆಯಲ್ಲಿ ಕರತಲಕ್ಕೆ ಇಷ್ಟಲಿಂಗವನ್ನು ಕೊಟ್ಟು ಕಣ್ಣಿಗೆ ಗೋಚರವಾಗಿಸುವನು. ಜ್ಞಾನಕ್ಕೆ ಕಿವಿಯೊಂದೇ ಬಾಗಿಲೆಂದು ಗುರುವು ಬಗೆಯಲಿಲ್ಲ. ಹಳ್ಳಿಯ ಶಾಲೆಗಳಾದರೋ ಬಹುಮಟ್ಟಿಗೆ ಹಾಗೆಯೇ ಬಗೆದಿವೆ.

ಕಿವಿ ಮಂದವಾದ ಬಾಲಕನು ಕರೆದರೆ ಓಗೊಡನು. ಒಂದು ಕೇಳಿದರೆ ಮತ್ತೊಂದು ಹೇಳುವನು. ಅವನನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸುವರು. ಅಲ್ಲಿ ಉಳಿದ ಅಲ್ಪ ಶ್ರವಣವೂ ವ್ಯರ್ಥವಾಗಿ, ಕಡೆಗೆ ಅವನು ಶಾಲೆ ಬಿಟ್ಟು ದನ ಕಾಯಲು ಹೋಗುವನು. ಮೂಕನೆಂಬ ಹೆಸರೂ ಇಂಥದೇ ಪ್ರಮಾದ. ಪ್ರಾಯಶಃ ಅವನ ನಾಲಗೆಯಲ್ಲಿ ದೋಷವಿಲ್ಲ. ಕೇಳದ ನುಡಿಯನ್ನು ಕಲಿಯುವುದೆಂತು?

ತುಟಿ ನೋಡಿ ತಿಳಿಯಲೆನ್ನುವವರು ವರ್ಣಗಳ ಉತ್ಪತ್ತಿಸ್ಥಾನವನ್ನು ನೆನೆಯಬೇಕು. ಕಂಠ್ಯವಾದ ಕವರ್ಗವು ಕಣ್ಣಿಗೆ ಕಾಣಿಸದು. ಪ, ಬ, ಮಗಳು ಓಷ್ಠ್ಯಗಳೇ ಆದರೂ ಪಡಿ, ಬಡಿ, ಮಡಿ ಎಂಬ ಮೂರಕ್ಕೂ ತುಟಿಯ ಚಲನೆ ಒಂದೇ. ಆದುದರಿಂದ ಉಪಾಧ್ಯಾಯನು ಆ ಬಾಲಕನನ್ನು ಮುಂದೆ ಕೂರಿಸಿ, ಬೆಳಕಿಗೆ ಮುಖಮಾಡಿ ಮಾತಾಡಬೇಕು. ಹಲಗೆಯತ್ತ ತಿರುಗಿ ಮಾತಾಡಬಾರದು. ಮುಖ್ಯ ಶಬ್ದಗಳನ್ನು ಬರೆದು ತೋರಿಸಬೇಕು. ಶ್ರವಣಯಂತ್ರ ಕೊಟ್ಟ ಮಾತ್ರಕ್ಕೆ ಕೆಲಸ ತೀರದು. ಬ್ಯಾಟರಿ ಮುಗಿಯುವುದು, ಮಗು ಬೆಳೆದಂತೆ ಕಿವಿಯ ಅಚ್ಚು ಸಡಿಲವಾಗುವುದು. ಇವನ್ನು ನೋಡುವವರು ಊರಿನಲ್ಲಿಯೇ ಇರಬೇಕು. ಕಿವಿ ಸೋರುವ ಮಗುವನ್ನು ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಏನೂ ಕೇಳಿಸದವರಿಗೆ ಎಳವೆಯಲ್ಲಿಯೇ ಸಂಜ್ಞಾಭಾಷೆ ದೊರೆಯಬೇಕು. ಅದೂ ವ್ಯಾಕರಣವುಳ್ಳ ಭಾಷೆಯೇ. ಸಹಪಾಠಿಗಳೂ ಅದನ್ನು ಕಲಿತರೆ ಆ ಮಗುವಿಗೆ ಗೆಳೆಯರುಂಟಾಗುವರು.

ರಾಜಶಾಸನವು ಅನುಕೂಲವಾಗಿಯೇ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು, ಶೇಕಡ 40ಕ್ಕೆ ಕಡಮೆಯಿಲ್ಲದ ವಿಕಲತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ ಇಷ್ಟವಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ವಿದ್ಯೆಯ ಹಕ್ಕನ್ನು ಕೊಟ್ಟಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ಸುತ್ತೂರು ಮಠದ ವಿದ್ಯಾಪೀಠವೂ ಅಲ್ಲಿಯೇ ವಾಕ್ ಶ್ರವಣ ಸಂಸ್ಥೆಯನ್ನು ನಡೆಸುತ್ತಿದೆ. ಆದರೆ ದೂರದ ಹಳ್ಳಿಯ ಕೂಲಿಯವನಿಗೆ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಅನ್ನ. ಈ ಅಂತರವನ್ನು ತುಂಬುವುದೇ ದಾಸೋಹ.

ಮಠಗಳು ಅನ್ನವನ್ನೂ ಅಕ್ಷರವನ್ನೂ ಕೇಳಿ ಬಂದವರಿಗೆ ನೀಡಿವೆ. ಈ ಮಕ್ಕಳು ಬಾಯಿಬಿಟ್ಟು ಕೇಳಲಾರರು. ಮಠದ ಪ್ರತಿಯೊಂದು ಶಾಲೆಯಲ್ಲಿಯೂ ವರ್ಷಕ್ಕೊಮ್ಮೆ ಮಕ್ಕಳ ಕಿವಿಯ ಪರೀಕ್ಷೆಯಾಗಲಿ. ಒಬ್ಬ ಉಪಾಧ್ಯಾಯನಾದರೂ ಸಂಜ್ಞಾಭಾಷೆಯನ್ನು ಕಲಿಯಲಿ. ಪಟ್ಟಣಕ್ಕೆ ಹೋಗಬೇಕಾದ ಮಗುವಿಗೂ ತಾಯಿಗೂ ಮಠದ ವಿದ್ಯಾರ್ಥಿನಿಲಯದಲ್ಲಿ ಇಂಬು ದೊರೆಯಲಿ. ಮಹೋತ್ಸವದ ವೆಚ್ಚದಲ್ಲಿ ಸ್ವಲ್ಪ ಭಾಗ ಇದಕ್ಕೆ ಸಂದರೆ ಉತ್ಸವವು ಸಾರ್ಥಕವಾಗುವುದು.