ಮುಂದಿನ ಸಾಲು, ಹಿಂದಿನ ಸಾಲು

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಯ್ಕೆ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಸಭೆ ಶುರುವಾಗುವ ಮೊದಲು ನಾವು ಬಾಗಿಲ ಬಳಿ ನಿಂತು ನೋಡುತ್ತಿದ್ದೆವು. ಯಾರೂ ಹೇಳದಿದ್ದರೂ ದಾನಿಗಳು ಮುಂದಿನ ಸಾಲಿನಲ್ಲಿ ಕುಳಿತರು, ಕುಟುಂಬಗಳು ಹಿಂದಿನ ಸಾಲಿಗೆ ಹೋದವು. ಮಧ್ಯದಲ್ಲಿ ಕುರ್ಚಿಗಳು ಖಾಲಿ ಇದ್ದರೂ ಕೆಲವು ತಾಯಂದಿರು ಈಗಲೂ ಗೋಡೆಗೆ ಒರಗಿ ನಿಂತಿದ್ದಾರೆ. ದಯವಿಟ್ಟು ಕುಳಿತುಕೊಳ್ಳಿ. ಇಂದು ಈ ಎರಡು ಸಾಲುಗಳ ಬಗ್ಗೆಯೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಅರಸೀಕೆರೆಯಲ್ಲಿ ಪಾಠ ಮಾಡುತ್ತಿದ್ದಾಗ ನಮ್ಮ ತರಗತಿಯ ಒಂದೇ ಬೆಂಚಿನಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬನ ತಂದೆಗೆ ಕೊಬ್ಬರಿ ಮಂಡಿ, ಇನ್ನೊಬ್ಬನ ತಂದೆ ಅಂಥದ್ದೇ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಎಸ್ಸೆಸ್ಸೆಲ್ಸಿಯಲ್ಲಿ ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ಅಂಕ. ಮಂಡಿಯವರ ಮಗ ಬೆಂಗಳೂರಿಗೆ ಓದಲು ಹೋದ. ಹಮಾಲಿಯ ಮಗ ಹಾಸನದ ಗ್ಯಾರೇಜಿಗೆ ಸೇರಿದ. ಆಗ ನಾವು ಶಿಕ್ಷಕರ ಕೊಠಡಿಯಲ್ಲಿ ಕುಳಿತು, 'ಅವನ ಹಣೆಬರಹ' ಎಂದು ಟೀ ಕುಡಿದು ಎದ್ದೆವು. ಇಂದು ಯೋಚಿಸಿದರೆ ನಾಚಿಕೆಯಾಗುತ್ತದೆ. ಆ ಹುಡುಗನನ್ನು ತಡೆದದ್ದು ಕಾಲೇಜು ಸೇರಲು ಬೇಕಾಗಿದ್ದ ಒಂದಿಷ್ಟು ಹಣ ಮತ್ತು ಅದನ್ನು ಎಲ್ಲಿ ಕೇಳಬೇಕೆಂದು ತಿಳಿಯದ ಒಂದು ಮನೆ. ಅದನ್ನು ಹಣೆಬರಹ ಎಂದು ಕರೆದರೆ ನಮ್ಮ ಜವಾಬ್ದಾರಿ ಮುಗಿದುಹೋಗುತ್ತದೆ.

ಬೇರೆಯವರ ಮಾತು ಬಿಡೋಣ, ನಮ್ಮದನ್ನೇ ಹೇಳುತ್ತೇವೆ. ನಾವು ಬಿ.ಎಡ್. ಮುಗಿಸಿದಾಗ ಊರಿನಲ್ಲಿ 'ಕಷ್ಟಪಟ್ಟು ಮೇಲೆ ಬಂದ' ಎಂದರು. ಕಷ್ಟಪಟ್ಟದ್ದು ನಿಜ. ಆದರೆ ನಮ್ಮ ತಂದೆಯವರಿಗೆ ರೈಲ್ವೆಯಲ್ಲಿ ಕೆಲಸವಿತ್ತು, ತಿಂಗಳಿಗೊಮ್ಮೆ ತಪ್ಪದೆ ಸಂಬಳ ಬರುತ್ತಿತ್ತು. ನಮ್ಮ ಆಪಾ ಏಳನೇ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಮಷೀನಿನ ಮುಂದೆ ಕುಳಿತರು. ಓದಿನಲ್ಲಿ ಅವರು ನಮಗಿಂತ ಚುರುಕು. ಮನೆಯಲ್ಲಿ ಒಬ್ಬರನ್ನು ಓದಿಸಲು ಮಾತ್ರ ಸಾಧ್ಯವಿತ್ತು, ಗಂಡು ಮಗನನ್ನು ಆರಿಸಿದರು. ಇನ್ನೂ ಹಿಂದಕ್ಕೆ ಹೋದರೆ, 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ, ಮುಸ್ಲಿಮರಿಗೂ ಸೇರಿದಂತೆ, ಅವಕಾಶ ಸಿಗಬೇಕೆಂದು ದಾರಿ ತೋರಿಸಿತು. ನಾವು ಹುಟ್ಟುವ ಎಷ್ಟೋ ವರ್ಷ ಮೊದಲೇ ಯಾರೋ ಬಾಗಿಲು ತೆರೆದಿಟ್ಟಿದ್ದರು. ನಾವು ಒಳಗೆ ನಡೆದು ಬಂದೆವು, ಅಷ್ಟೆ. ಇಂದು ಪಿಂಚಣಿ ಪಡೆಯುವಾಗಲೆಲ್ಲ ಆಪಾ ನೆನಪಾಗುತ್ತಾರೆ.

ಮುಂದಿನ ಸಾಲಿನ ಕೆಲವರು, 'ಮೇಷ್ಟ್ರೇ, ನಾವೇನು ದೊಡ್ಡ ಶ್ರೀಮಂತರಲ್ಲ, ನಾವೂ ಮಧ್ಯಮ ವರ್ಗ' ಎನ್ನಬಹುದು. ಅದರಲ್ಲೂ ಅರ್ಧ ಸತ್ಯವಿದೆ. ಕಾಫಿಯನ್ನೇ ನೋಡಿ. ಬಾಬಾ ಬುಡನ್ ಅವರು ಯಮನ್ ದೇಶದಿಂದ ಏಳು ಬೀಜ ತಂದರೆಂಬ ಪ್ರತೀತಿ ನಮಗೆಲ್ಲ ಗೊತ್ತು. ಇಂದು ಬೇಲೂರು, ಅರೇಹಳ್ಳಿ ಕಡೆಯ ತೋಟದಲ್ಲಿ ಬೆಳೆಯುವ ಅರೇಬಿಕಾದ ಬೆಲೆ ನ್ಯೂಯಾರ್ಕ್ ಮಾರುಕಟ್ಟೆಯನ್ನು ನೋಡಿ ನಿಂತಿರುತ್ತದೆ, ರೊಬಸ್ಟಾದ ಬೆಲೆ ಲಂಡನ್ ಮಾರುಕಟ್ಟೆಯನ್ನು. ಬೆಳೆದವನ ಕೈಯಲ್ಲಿ ಬೆಲೆ ಇಲ್ಲ. ಅವನ ತೋಟದಲ್ಲಿ ಹಣ್ಣು ಕೊಯ್ಯುವವಳ ಕೈಯಲ್ಲಿ ಕೂಲಿಯೂ ಇಲ್ಲ. ಬೆಲೆ ಏರಿದಾಗ ಕೂಲಿ ಅದೇ ವೇಗದಲ್ಲಿ ಏರುವುದಿಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇವೆ, ಮಕ್ಕಳು ಬರೆದುಕೊಳ್ಳಲಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ. ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಅದು ಏರಿಲ್ಲ, ಕಡಿಮೆ ಎಂದು ಅಲ್ಲಿಯವರೇ ದೂರುತ್ತಾರೆ. ಆದರೂ ನಮ್ಮ ಹಣದಲ್ಲಿ ಅದು 600 ರೂಪಾಯಿಗಿಂತ ಹೆಚ್ಚು. ಅಲ್ಲಿ ಅಕ್ಕಿ, ಬಾಡಿಗೆ ಎಲ್ಲವೂ ದುಬಾರಿ, ಒಪ್ಪೋಣ. ಹಾಗಿದ್ದರೂ ಅವರ ಒಂದು ಗಂಟೆ ನಮ್ಮ ಒಂದು ಇಡೀ ದಿನವನ್ನು ಮೀರುತ್ತದೆ. ನಮ್ಮ ಕೂಲಿಯವನು ಸೋಮಾರಿಯೇ? ಬೇಲೂರಿನ ಡ್ರೈವರ್ ಕೊಲ್ಲಿ ದೇಶಕ್ಕೆ ಹೋದರೆ ಕೈ ಅದೇ, ಸ್ಟೀರಿಂಗ್ ಅದೇ, ಸಂಬಳ ಮಾತ್ರ ಬೇರೆ. ಪ್ರಪಂಚದ ಜನರ ಆದಾಯದ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಅವರು ಯಾವ ದೇಶದಲ್ಲಿ ಬಾಳುತ್ತಾರೆ ಎಂಬುದೇ ವಿವರಿಸುತ್ತದೆ ಎಂದು ಬ್ರಾಂಕೋ ಮಿಲನೋವಿಚ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ ಜಗತ್ತಿನ ಸಂಪತ್ತಿನಲ್ಲಿ ಶೇ. 76ರಷ್ಟು ಮೇಲಿನ ಶೇ. 10 ಜನರ ಬಳಿ ಇದೆ. ಕೆಳಗಿನ ಅರ್ಧ ಜನರಿಗೆಲ್ಲ ಸೇರಿ ಉಳಿದಿರುವುದು ಶೇ. 2 ಮಾತ್ರ.

ಹಳೇಬೀಡಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಇದನ್ನೇ ಕಣ್ಣಾರೆ ಕಂಡೆವು. ದೇವಾಲಯದ ಹೊರಗೆ ಚಿತ್ರಪಟ ಮಾರುತ್ತಿದ್ದವನು ಶಾಲೆ ಬಿಟ್ಟ ನಮ್ಮದೇ ಹಳೆಯ ವಿದ್ಯಾರ್ಥಿ. ಕೊಳ್ಳುತ್ತಿದ್ದವನು ಅವನದೇ ವಯಸ್ಸಿನ ವಿದೇಶಿ ಹುಡುಗ, ಓದಿಗೆ ಒಂದು ವರ್ಷ ಬಿಡುವು ಕೊಟ್ಟು ದೇಶ ನೋಡಲು ಬಂದವನು. ಒಬ್ಬನಿಗೆ ಓದು ನಿಲ್ಲಿಸುವುದು ಪ್ರವಾಸ, ಇನ್ನೊಬ್ಬನಿಗೆ ಅದೇ ಕೊನೆ.

ಹೀಗೆ ನಾವೆಲ್ಲರೂ ಯಾರದೋ ಹಿಂದಿನ ಸಾಲಿನಲ್ಲಿದ್ದೇವೆ, ಯಾರದೋ ಮುಂದಿನ ಸಾಲಿನಲ್ಲೂ ಇದ್ದೇವೆ. ಮೇಲೆ ನೋಡಿ ಕೊರಗುವುದು ಸುಲಭ. ಝಕಾತ್ ನಮ್ಮನ್ನು ಹಾಗೆ ಬಿಡುವುದಿಲ್ಲ. ಐವತ್ತೆರಡೂವರೆ ತೊಲ, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ವರ್ಷ ನಮ್ಮ ಬಳಿ ಇದ್ದರೆ ನಾವು ನಿಸಾಬಿನ ಈಚೆಗೆ ಬಂದೆವು, ಕೊಡಬೇಕಾದವರಾದೆವು. ಅಲ್ಲಿ 'ನಾನೂ ಮಧ್ಯಮ ವರ್ಗ' ಎಂಬ ಮಾತು ನಡೆಯುವುದಿಲ್ಲ. ಆ ನಲವತ್ತರಲ್ಲೊಂದು ಪಾಲು ಬಡವರ ಹಕ್ಕು. ಹಕ್ಕನ್ನು ಒಪ್ಪಿಸುವವನು ಉಪಕಾರ ಮಾಡಿದೆನೆಂದು ಹೇಳಿಕೊಳ್ಳುವಂತಿಲ್ಲ.

ಈ ಮಾತನ್ನು ನಾವೇ ಮರೆತಿದ್ದೆವು. ಕೆಲವು ವರ್ಷಗಳ ಹಿಂದೆ ಇಂಥದ್ದೇ ಸಭೆಯಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳನ್ನು ವೇದಿಕೆಗೆ ಕರೆದೆವು. ತಂದೆ ಇಲ್ಲ, ತಾಯಿ ಮನೆಗೆಲಸ ಮಾಡಿ ಸಾಕುತ್ತಿದ್ದಾರೆ ಎಂದು ಮೈಕಿನಲ್ಲಿ ಹೇಳಿದೆವು. ಚೆಕ್ ಹಿಡಿಸಿ ಫೋಟೋ ತೆಗೆದೆವು. ಆ ಫೋಟೋ ವಾಟ್ಸಪ್ಪಿನಲ್ಲಿ ಅವಳ ಕಾಲೇಜಿಗೂ ತಲುಪಿತು. ಮರುವರ್ಷ ಅವಳ ಅರ್ಜಿ ಬರಲಿಲ್ಲ. ವಿಚಾರಿಸಲು ಮನೆಗೆ ಹೋದಾಗ ತಾಯಿ ಚಾಪೆ ಹಾಸಿ ಕೂರಿಸಿ ಹೇಳಿದರು: 'ಮೇಷ್ಟ್ರೇ, ನಿಮಗೆಲ್ಲ ದುವಾ ಮಾಡ್ತೀವಿ. ಆದ್ರೆ ಮಗಳು ಇನ್ನೊಂದ್ಸಲ ಆ ಸ್ಟೇಜ್ ಹತ್ತಲ್ಲ ಅಂತಾಳೆ.' ಅವಳು ಹೊಲಿಗೆ ಮಾಡುತ್ತಾ ಓದು ಮುಗಿಸಿದಳು, ಅಲ್‌ಹಮ್ದುಲಿಲ್ಲಾಹ್. ನಮ್ಮ ನೆರವಿಲ್ಲದೆ. ನೆರವು ಅವಳಿಗೆ ಬೇಕಿತ್ತು, ನಾವು ಕೊಟ್ಟ ರೀತಿ ಬೇಕಿರಲಿಲ್ಲ.

ಆದ್ದರಿಂದ ಈ ವರ್ಷದಿಂದ ಸಮಿತಿ ಕೆಲವು ಬದಲಾವಣೆ ಮಾಡಿದೆ. ಮಕ್ಕಳ ಹೆಸರನ್ನು ವೇದಿಕೆಯಿಂದ ಕೂಗುವುದಿಲ್ಲ, ವರದಿಯಲ್ಲಿ ಫೋಟೋ ಹಾಕುವುದಿಲ್ಲ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ವರ್ಷದ ಕೊನೆಯಲ್ಲಿ ಕೊಡುವ ಬದಲು ದಾಖಲಾತಿಯ ಸಮಯದಲ್ಲೇ ಕೊಡುತ್ತೇವೆ, ಏಕೆಂದರೆ ಶುಲ್ಕದ ಕೊನೆಯ ದಿನ ಯಾರಿಗೂ ಕಾಯುವುದಿಲ್ಲ. ಬಸ್ ಪಾಸು, ಪರೀಕ್ಷಾ ಶುಲ್ಕ, ಹಾಸ್ಟೆಲ್ ಠೇವಣಿಯನ್ನೂ ಬರೆದು ಕೇಳಬಹುದು. ಒಂದು ಮನೆಯಿಂದ ಗಂಡು ಮಗುವಿನ ಅರ್ಜಿ ಮಾತ್ರ ಬಂದರೆ, ಹೆಣ್ಣು ಮಗು ಏನು ಓದುತ್ತಿದ್ದಾಳೆ ಎಂದು ನಾವೇ ಹೋಗಿ ಕೇಳುತ್ತೇವೆ. ಆಪಾಗೆ ಅಂದು ಯಾರೂ ಕೇಳಿರಲಿಲ್ಲ.

ಇನ್ನೊಂದು ಮಾತು. ನಮ್ಮ ಕಾಫಿ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕೂಲಿ ಕುಟುಂಬಗಳಿವೆ. ಅವರ ಮಕ್ಕಳ ಒಂದು ಅರ್ಜಿಯೂ ಇದುವರೆಗೆ ನಮಗೆ ಬಂದಿಲ್ಲ. ಇಲ್ಲಿಯ ಪಡಿತರ ಚೀಟಿ ಬೇಕೆಂಬ ನಮ್ಮ ನಿಯಮವೇ ಅವರನ್ನು ಹೊರಗಿಟ್ಟಿತ್ತು. ಇನ್ನು ಮುಂದೆ ಮುಖ್ಯ ಶಿಕ್ಷಕರ ಪತ್ರ ಸಾಕು. ಉಳಿದವರು ಎಂದಿನಂತೆ ನಾಡಕಚೇರಿಯ ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಮಗುವಿನ ಪಾಸ್‌ಬುಕ್ ಪ್ರತಿ ಕೊಡಬೇಕು. ಫಾರಂ ತುಂಬಲು ಬರದಿದ್ದರೆ ಬನ್ನಿ, ಕುಳಿತು ತುಂಬಿಕೊಡುತ್ತೇವೆ.

ದಾನಿಗಳಲ್ಲಿ ನಮ್ಮದೊಂದು ವಿನಂತಿ. ಇನ್ನು ಮುಂದೆ ನಿಮ್ಮ ಕೈಯಿಂದ ಚೆಕ್ ಪಡೆಯುವ ಮಗುವನ್ನು ನೀವು ನೋಡಲಾರಿರಿ. ಅದಕ್ಕಾಗಿ ಬೇಸರಪಡಬೇಡಿ, ಕೈ ಹಿಂದೆಗೆಯಬೇಡಿ. ಪೋಷಕರಲ್ಲಿಯೂ ಒಂದು ವಿನಂತಿ. ಆಯ್ಕೆ ಸಮಿತಿಯಲ್ಲಿ ಒಂದು ಸ್ಥಾನವನ್ನು ನಿಮ್ಮಲ್ಲೊಬ್ಬರಿಗೆ ಮೀಸಲಿಟ್ಟಿದ್ದೇವೆ, ಸಂಕೋಚವಿಲ್ಲದೆ ಮುಂದೆ ಬನ್ನಿ. ಮಕ್ಕಳೇ, ಈ ಹಣಕ್ಕಾಗಿ ನೀವು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಚೆನ್ನಾಗಿ ಓದಿ. ಮುಂದೊಂದು ದಿನ ಮುಂದಿನ ಸಾಲಿನಲ್ಲಿ ಕುಳಿತಾಗ, ಒಮ್ಮೆ ಹಿಂತಿರುಗಿ ನೋಡಿ, ಯಾರಾದರೂ ಗೋಡೆಗೆ ಒರಗಿ ನಿಂತಿದ್ದಾರೆಯೇ ಎಂದು.

ಅಲ್ಲಾಹನು ಕೊಟ್ಟವರ ಸಂಪತ್ತಿನಲ್ಲಿ ಬರಕತ್ತನ್ನೂ, ಮಕ್ಕಳ ಓದಿನಲ್ಲಿ ಯಶಸ್ಸನ್ನೂ ದಯಪಾಲಿಸಲಿ. ಆಮೀನ್. ವಸ್ಸಲಾಮ್.