ಒಂದೇ ಫೈಲು, ಹಲವು ಬಣ್ಣ



ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಒಂದು 'ರಾ' ಫೈಲನ್ನು ಲೈಟ್‌ರೂಮ್, ಕ್ಯಾಪ್ಚರ್ ವನ್ ಮತ್ತು ಡಾರ್ಕ್‌ಟೇಬಲ್ ಎಂಬ ಮೂರು ತಂತ್ರಾಂಶಗಳಲ್ಲಿ ತೆರೆದು ನೋಡಿ. ಒಂದರಲ್ಲಿ ಮುಖ ತುಸು ಕೆಂಪಾಗಿಯೂ ಮತ್ತೊಂದರಲ್ಲಿ ಹಳದಿಯಾಗಿಯೂ ಕಂಡೀತು. ಇನ್ನೊಂದರಲ್ಲಿ ಇಡೀ ಚಿತ್ರವೇ ಮಂಕಾಗಿ ಕಂಡೀತು. ಫೈಲು ಒಂದೇ. ಹಾಗಾದರೆ ಇವುಗಳಲ್ಲಿ ನಿಜವಾದ ಚಿತ್ರ ಯಾವುದು?

'ರಾ' ಎಂದರೆ ಕಚ್ಚಾ. ಈ ಫೈಲಿನಲ್ಲಿರುವುದು ಮುಖ್ಯವಾಗಿ ಬೆಳಕಿನ ಅಳತೆಗಳು, ಸಿದ್ಧ ಚಿತ್ರವಲ್ಲ. ಕ್ಯಾಮೆರಾದ ಸಂವೇದಕಕ್ಕೆ ಬೆಳಕು ಎಷ್ಟು ಬಿತ್ತೆಂಬುದು ಗೊತ್ತಾಗುತ್ತದೆಯೇ ಹೊರತು ಅದರ ಬಣ್ಣ ಗೊತ್ತಾಗುವುದಿಲ್ಲ. ಆದ್ದರಿಂದ ಅದರ ಮೇಲೆ ಬಣ್ಣದ ಸೋಸುಕಗಳನ್ನು ಹಾಸಿರುತ್ತಾರೆ. ಕೊಡಕ್ ಸಂಸ್ಥೆಯ ವಿಜ್ಞಾನಿ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ವಿನ್ಯಾಸವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಪ್ರತಿ ನಾಲ್ಕು ಬಿಂದುಗಳ ಪೈಕಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹೀಗೆ ಪ್ರತಿಯೊಂದು ಬಿಂದುವಿನಲ್ಲೂ ಒಂದೇ ಬಣ್ಣದ ಅಳತೆ ಇರುತ್ತದೆ. ಉಳಿದೆರಡನ್ನು ನೆರೆಯ ಬಿಂದುಗಳಿಂದ ಲೆಕ್ಕ ಹಾಕಿ ತುಂಬಬೇಕು. ಈ ಲೆಕ್ಕದ ವಿಧಾನ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ.

ಮುಂದಿನದು ಬಣ್ಣದ ಪರಿವರ್ತನೆ. ಕ್ಯಾಮೆರಾದ ಸೋಸುಕಗಳು ನಮ್ಮ ಕಣ್ಣಿನಂತೆ ನೋಡುವುದಿಲ್ಲ. ಆ ಸಂಖ್ಯೆಗಳನ್ನು ನಮ್ಮ ಕಣ್ಣಿಗೆ ಹೊಂದುವ ಬಣ್ಣಗಳಾಗಿ ಬದಲಿಸಲು ಪ್ರತಿ ತಂತ್ರಾಂಶವೂ ತನ್ನದೇ ಕೋಷ್ಟಕವನ್ನು ಬಳಸುವುದುಂಟು. ಇನ್ನು ಹೊಳಪಿನ ವಿಷಯ. ಬೆಳಕು ಎರಡರಷ್ಟಾದರೆ ಫೈಲಿನ ಸಂಖ್ಯೆಯೂ ಎರಡರಷ್ಟಾಗುತ್ತದೆ. ಕಣ್ಣು ಹಾಗೆ ಗ್ರಹಿಸುವುದಿಲ್ಲ. ಆ ಸಂಖ್ಯೆಗಳನ್ನು ಇದ್ದಂತೆಯೇ ತೋರಿಸಿದರೆ ಚಿತ್ರ ಕಪ್ಪಾಗಿ ಕಾಣುತ್ತದೆ. ಅದನ್ನು ಎಷ್ಟು ಬೆಳಗಿಸಬೇಕು, ನೆರಳನ್ನು ಎಷ್ಟು ಗಾಢಗೊಳಿಸಬೇಕು ಎಂಬುದು ತಂತ್ರಾಂಶ ರಚಿಸಿದವರ ಅಭಿರುಚಿಗೆ ಸೇರಿದ್ದು.

ಫೈಲನ್ನು ತೆರೆದ ಕೂಡಲೇ ಸೊಗಸಾಗಿ ಕಂಡ ಚಿತ್ರ ಮರುಕ್ಷಣ ಬಣ್ಣಗೆಡುವುದೂ ಉಂಟು. ಮೊದಲು ಕಂಡದ್ದು ಕ್ಯಾಮೆರಾ ತಾನೇ ತಯಾರಿಸಿ ಫೈಲಿನೊಳಗೆ ಇಟ್ಟ ಜೆಪೆಗ್ ಚಿತ್ರ. ಆಮೇಲೆ ಕಾಣುವುದು ತಂತ್ರಾಂಶ ಹೊಸದಾಗಿ ತಯಾರಿಸಿದ್ದು. ಇದರಿಂದ ಫೈಲಿಗೆ ಯಾವ ಹಾನಿಯೂ ಆಗಿರುವುದಿಲ್ಲ.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಸುದ್ದಿಚಿತ್ರವೆಂದರೆ ಸಾಕ್ಷ್ಯ. ರಾಯಿಟರ್ಸ್ ಸುದ್ದಿಸಂಸ್ಥೆ 2015ರಲ್ಲಿ, ರಾ ಫೈಲಿನಿಂದ ತಯಾರಿಸಿದ ಚಿತ್ರಗಳು ಬೇಡ, ಕ್ಯಾಮೆರಾದಲ್ಲೇ ಮೂಡಿದ ಜೆಪೆಗ್ ಚಿತ್ರಗಳನ್ನು ಕಳುಹಿಸಿ ಎಂದು ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ ಸೂಚಿಸಿತು. ಅತ್ತ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯವರು ಕೊನೆಯ ಸುತ್ತಿಗೆ ಬಂದ ಚಿತ್ರಗಳ ಮೂಲ ಫೈಲುಗಳನ್ನು ತರಿಸಿ ಹೋಲಿಸಿ ನೋಡುತ್ತಾರೆ. ಚಿತ್ರಕ್ಕೆ ಏನನ್ನಾದರೂ ಸೇರಿಸಿದ್ದಾರೆಯೇ, ತೆಗೆದಿದ್ದಾರೆಯೇ ಎಂಬುದಕ್ಕೆ ರಾ ಫೈಲು ಉತ್ತರ ಕೊಡಬಲ್ಲದು. ಸೀರೆಯ ಕೆಂಪು ನಿಖರವಾಗಿ ಎಂಥ ಕೆಂಪು ಎಂಬುದಕ್ಕೆ ಅದೊಂದೇ ಸಾಲದು.

ಹಾಗಾದರೆ ಒಂದು ಹೂವಿನ ಅಥವಾ ಮಣ್ಣಿನ ಬಣ್ಣವನ್ನು ದಾಖಲಿಸಬೇಕಾದ ವಿದ್ಯಾರ್ಥಿ ಏನು ಮಾಡಬೇಕು? 24 ಬಣ್ಣದ ಚೌಕಗಳಿರುವ ಅಳತೆಪಟ್ಟಿ ದೊರೆಯುತ್ತದೆ. ಅದನ್ನು ಅದೇ ಬೆಳಕಿನಲ್ಲಿ ಆ ವಸ್ತುವಿನ ಪಕ್ಕದಲ್ಲಿಟ್ಟು ಒಂದು ಚಿತ್ರ ತೆಗೆಯಿರಿ. ಆ ಚೌಕಗಳ ಬಣ್ಣದ ಬೆಲೆಗಳು ಮೊದಲೇ ತಿಳಿದಿರುವುದರಿಂದ, ಯಾವ ತಂತ್ರಾಂಶದಲ್ಲಾದರೂ ಚಿತ್ರವನ್ನು ಅವಕ್ಕೆ ಹತ್ತಿರ ತರಬಹುದು. ಮೂಲ ಫೈಲನ್ನು ಅಳಿಸದೆ ಇಟ್ಟುಕೊಳ್ಳಿ. ಬಳಸಿದ ತಂತ್ರಾಂಶದ ಹೆಸರು, ಆವೃತ್ತಿ ಮತ್ತು ಮಾಡಿದ ಬದಲಾವಣೆಗಳನ್ನು ಪ್ರಯೋಗದ ಪುಸ್ತಕದಲ್ಲಿ ಬರೆದಿಡಿ. ಆಗ ನಿಮ್ಮ ಚಿತ್ರವನ್ನು ಇನ್ನೊಬ್ಬರು ಪರೀಕ್ಷಿಸಬಹುದು. ವಿಜ್ಞಾನ ನಮ್ಮಿಂದ ಕೇಳುವುದೂ ಅದನ್ನೇ.