‘ಡ್ರೈವರ್ ಇಲ್ಲ’ ಎಂದ ಮಾತ್ರಕ್ಕೆ ಮಷೀನು ಗುಜರಿಗೆ ಹೋಗಬೇಕೆ?



ನಾನು ಭಾಷಣಕಾರನಲ್ಲ. ಪ್ರೆಸ್ಸಿನವನು. ಓದಿದ್ದು ಪಿಯುಸಿವರೆಗೆ. ನಿಮ್ಮ ಮನೆಯ ಲಗ್ನಪತ್ರಿಕೆ, ಸಂಘದ ರಸೀದಿ ಪುಸ್ತಕ, ಹೋರಾಟದ ಕರಪತ್ರ, ರಾಜ್ಯೋತ್ಸವದ ಸ್ಟಿಕ್ಕರು, ಇವೇ ನನ್ನ ಅನ್ನ. ಅಂಥವನು ಇವತ್ತು ಕಂಪ್ಯೂಟರಿನ ಹೊಟ್ಟೆಯೊಳಗಿರುವ ಡ್ರೈವರ್ ಬಗ್ಗೆ ಮಾತಾಡಲು ಬಂದಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ಸ್ವಲ್ಪ ಕಿವಿಗೊಟ್ಟು ಕೇಳಿ.

ಎರಡು ವರ್ಷದ ಹಿಂದಿನ ಮಾತು. ಅಕ್ಟೋಬರ್ ಕೊನೆಯ ವಾರ. ನಮ್ಮ ಕಡೆಯ ಆಟೋ ಸ್ಟ್ಯಾಂಡಿನವರು ರಾಜ್ಯೋತ್ಸವಕ್ಕೆಂದು ಆರುನೂರು ಸ್ಟಿಕ್ಕರಿಗೆ ಆರ್ಡರ್ ಕೊಟ್ಟಿದ್ದರು. ಅಡ್ವಾನ್ಸೂ ಕೊಟ್ಟಿದ್ದರು. ಅದನ್ನು ನಾನು ಖರ್ಚೂ ಮಾಡಿಯಾಗಿತ್ತು! ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್ ಮಷೀನು ಒಂದಿದೆ ನನ್ನ ಹತ್ತಿರ. ಹಳೆಯದು, ಆದರೆ ಗಟ್ಟಿಮುಟ್ಟು. ಅದನ್ನು ನಡೆಸುತ್ತಿದ್ದ ಕಂಪ್ಯೂಟರು ಆ ವಾರವೇ ಕೈಕೊಟ್ಟಿತು. ಕೈಸಾಲ ಮಾಡಿ ಹೊಸ ಕಂಪ್ಯೂಟರ್ ತಂದೆ. ಪ್ಲಾಟರಿನ ಯುಎಸ್‌ಬಿ ಕೇಬಲ್ ಚುಚ್ಚಿದೆ. ಪರದೆಯ ಮೇಲೆ ಬಂತು ನೋಡಿ: ಡ್ರೈವರ್ ಇಲ್ಲ!

ಮಷೀನಿನ ಜೊತೆ ಬಂದಿದ್ದ ಸಿ.ಡಿ. ಹುಡುಕಿ ಹಾಕಿದೆ. ಹೊಸ ವಿಂಡೋಸ್ ಅದನ್ನು ಒಪ್ಪಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ. “ಆ ಮಾಡೆಲ್ ನಿಂತುಹೋಗಿದೆ ಸಾರ್, ಹೊಸದು ತಗೊಳ್ಳಿ” ಅಂದರು. ಬ್ಲೇಡ್ ಸರಿಯಿದೆ, ಮೋಟಾರ್ ಸರಿಯಿದೆ, ರೋಲರ್ ಸರಿಯಿದೆ. ಮಷೀನಿಗೆ ಏನೂ ಆಗಿಲ್ಲ. ಅದರ ಜೊತೆ ಮಾತಾಡುವವರು ಇಲ್ಲ, ಅಷ್ಟೇ! ಗುಜರಿಯವನು ಬಂದು ಕೆ.ಜಿ. ಲೆಕ್ಕದಲ್ಲಿ ರೇಟು ಹೇಳಿ ಹೋದ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮಾರನೇ ದಿನ ಪ್ರಾಜೆಕ್ಟ್ ರಿಪೋರ್ಟಿಗೆ ಬೈಂಡಿಂಗ್ ಮಾಡಿಸಲು ಒಬ್ಬ ಡಿಪ್ಲೊಮಾ ಹುಡುಗ ಬಂದ. ನನ್ನ ಮುಖ ನೋಡಿ ವಿಷಯ ಕೇಳಿದ. “ತಡೀರಿ ಸಾರ್” ಅಂದವನೇ ತನ್ನ ಲ್ಯಾಪ್‌ಟಾಪ್ ತೆಗೆದ. ಅದರಲ್ಲಿದ್ದುದು ಲಿನಕ್ಸ್. ಕೇಬಲ್ ಚುಚ್ಚಿ, ‘ಎಲ್‌ಎಸ್‌ಯುಎಸ್‌ಬಿ’ ಅಂತ ಒಂದು ಆಜ್ಞೆ ಕೊಟ್ಟ. ಎರಡು ನಂಬರು ಬಂದವು. “ನೋಡಿ ಸಾರ್, ನಿಮ್ಮ ಮಷೀನು ತನ್ನ ಹೆಸರು ಹೇಳ್ತಾ ಇದೆ. ಕೇಳಿಸಿಕೊಳ್ಳೋರು ಇಲ್ಲ” ಅಂದ.

ಆವತ್ತಿನಿಂದ ಅವನನ್ನು ಕೂರಿಸಿಕೊಂಡು, ಕಾಫಿ ಕುಡಿಸಿ, ನಾನು ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಯುಎಸ್‌ಬಿಯಲ್ಲಿ ‘ಬಿ’ ಎಂದರೆ ಬಸ್. ಮೊದಲ ಆವೃತ್ತಿ 1996ರಲ್ಲಿ ಬಂತು. ಅದಕ್ಕೆ ಮೊದಲು ಪ್ರಿಂಟರಿಗೆ ಒಂದು ಪಿನ್ನು, ಮೌಸಿಗೆ ಒಂದು, ಮೋಡೆಮ್ಮಿಗೆ ಇನ್ನೊಂದು. ಎಲ್ಲರೂ ಒಂದೇ ದಾರಿಯಲ್ಲಿ ಬರಲಿ ಎಂದು ಇದನ್ನು ಮಾಡಿದರು. ಹಾಗೆ ಮಾಡಿದ ಇಂಟೆಲ್ ತಂಡದಲ್ಲಿ ಅಜಯ್ ಭಟ್ ಎಂಬ ಭಾರತೀಯ ಮೂಲದ ಎಂಜಿನಿಯರ್ ಮುಖ್ಯರು. ಇದರ ನಿಯಮಗಳ ಪುಸ್ತಕ ಗುಟ್ಟಿನದಲ್ಲ. ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು.

ಈ ಬಸ್ಸನ್ನು ನಮ್ಮ ಸಿಟಿ ಬಸ್ಸು ಅಂತಲೇ ತಿಳಿಯಿರಿ. ಕಂಡಕ್ಟರ್ ಕಂಪ್ಯೂಟರು. ಪ್ರಯಾಣಿಕರು ಪ್ರಿಂಟರ್, ಕೀಬೋರ್ಡ್, ಪೆನ್ ಡ್ರೈವ್. ಇಲ್ಲಿ ಪ್ರಯಾಣಿಕ ತಾನಾಗಿ ಬಾಯಿ ಬಿಡುವಂತಿಲ್ಲ. ಕಂಡಕ್ಟರ್ ಬಂದು ಕೇಳಿದಾಗಲೇ ಉತ್ತರ. ಹತ್ತಿದವರಿಗೆಲ್ಲ ಕಂಡಕ್ಟರ್ ಒಂದೊಂದು ನಂಬರು ಕೊಡುತ್ತಾನೆ. ಒಂದು ಬಸ್ಸಿನಲ್ಲಿ ಹೆಚ್ಚೆಂದರೆ 127 ನಂಬರು. ನಂಬರು ಕೊಟ್ಟ ಮೇಲೆ ಕೇಳುತ್ತಾನೆ: ನಿನ್ನನ್ನು ಮಾಡಿದವರು ಯಾರು, ನೀನು ಯಾವ ಮಾಲು, ನಿನ್ನ ಜಾತಿ ಏನು? ಜಾತಿ ಅಂದರೆ ಬೇರೆ ಅಲ್ಲ, ಕೀಬೋರ್ಡಿನಂಥವಕ್ಕೆ 3, ಪ್ರಿಂಟರಿಗೆ 7, ಪೆನ್ ಡ್ರೈವಿಗೆ 8, ಹೀಗೆ.

ಸಾಮಾನು ಸಾಗಿಸುವುದರಲ್ಲೂ ನಾಲ್ಕು ಬಗೆ. ಮೊದಲ ಪರಿಚಯದ ಪ್ರಶ್ನೋತ್ತರಕ್ಕೆ ಕಂಟ್ರೋಲ್. ಪ್ರಿಂಟರಿನಂತೆ ಹೊರೆಗಟ್ಟಲೆ ಬರುವ ಮಾಹಿತಿಗೆ ಬಲ್ಕ್. ತಡವಾದರೂ ಸರಿ, ಒಂದಕ್ಷರ ತಪ್ಪಬಾರದು. ಕೀಬೋರ್ಡಿಗೆ ಇಂಟರಪ್ಟ್, ಗೊತ್ತಾದ ಅವಧಿಗೊಮ್ಮೆ ‘ಏನಾದರೂ ಇದೆಯಾ’ ಎಂದು ವಿಚಾರಿಸುವುದು. ಧ್ವನಿ ಮತ್ತು ಕ್ಯಾಮೆರಾಕ್ಕೆ ಐಸೋಕ್ರೋನಸ್. ಒಂದಿಷ್ಟು ಚೆಲ್ಲಿದರೂ ಚಿಂತೆಯಿಲ್ಲ, ಹೊತ್ತಿಗೆ ಸರಿಯಾಗಿ ತಲುಪಬೇಕು.

ಹಾಗಾದರೆ ಡ್ರೈವರ್ ಯಾರು? ಹತ್ತಿದ ಪ್ರಯಾಣಿಕನ ಭಾಷೆ ಬಲ್ಲ ದುಭಾಷಿ. ಕಂಪ್ಯೂಟರಿನ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಡ್ರೈವರ್ ಆ ತಿರುಳಿನೊಳಗೇ ಕೂತು ಕೆಲಸ ಮಾಡುತ್ತದೆ. ಇದನ್ನು ಬರೆಯುವುದು ಬ್ರಹ್ಮವಿದ್ಯೆ ಅಂತ ನಾನೂ ತಿಳಿದಿದ್ದೆ. ಹುಡುಗ ತೆಗೆದು ತೋರಿಸಿದ. ಲಿನಕ್ಸಿನಲ್ಲಿ ಯುಎಸ್‌ಬಿ ಡ್ರೈವರಿನ ಎಲುಬುಗೂಡು ಮೂರೇ ಮೂರು ಭಾಗ, ಸಿ ಭಾಷೆಯಲ್ಲಿ.

ಮೊದಲನೆಯದು ಐಡಿ ಟೇಬಲ್. ‘ಇಂಥ ಕಂಪನಿ ನಂಬರು, ಇಂಥ ಮಾಲಿನ ನಂಬರು ಬಂದರೆ ನನ್ನನ್ನು ಕರೆಯಿರಿ’ ಎಂಬ ಪಟ್ಟಿ. ಎರಡನೆಯದು ಪ್ರೋಬ್. ಪಟ್ಟಿಯಲ್ಲಿರುವ ಸಾಧನ ಬಸ್ ಹತ್ತಿದ ಕೂಡಲೇ ಕರ್ನಲ್ ಇದನ್ನು ಕರೆಯುತ್ತದೆ. ಡ್ರೈವರ್ ಬಂದು ಸಾಧನವನ್ನು ಪರೀಕ್ಷಿಸಿ, ಅದಕ್ಕೆ ಬೇಕಾದ ಜಾಗವನ್ನು ಮೆಮೊರಿಯಲ್ಲಿ ಕಾದಿರಿಸಿ, ‘ಇದು ನನ್ನದು’ ಅನ್ನುತ್ತದೆ. ಮೂರನೆಯದು ಡಿಸ್ಕನೆಕ್ಟ್. ಕೇಬಲ್ ಕಿತ್ತಾಗ ನಡೆಯುವ ಕೆಲಸ. ಈ ಮೂರನ್ನೂ ಸೇರಿಸಿ ಕರ್ನಲ್ಲಿನಲ್ಲಿ ಹೆಸರು ನೋಂದಾಯಿಸಿದರೆ ಡ್ರೈವರ್ ಹುಟ್ಟಿತು. ಆಮೇಲೆ ಮಾತುಕತೆಯೆಲ್ಲ ಯುಆರ್‌ಬಿ ಎಂಬ ಚೀಟಿಯ ಮೂಲಕ. ಏನು ಕಳಿಸಬೇಕು, ಎಷ್ಟು, ಯಾವ ಬಾಗಿಲಿಗೆ, ಮುಗಿದ ಮೇಲೆ ಯಾರಿಗೆ ಹೇಳಬೇಕು ಎಂದು ಬರೆದು ಕೊಡುವುದು. ಥೇಟ್ ನಮ್ಮ ಪ್ರೆಸ್ಸಿನ ಜಾಬ್ ಕಾರ್ಡ್!

ಆದರೆ ಎಚ್ಚರ! ಬೇರೆ ಪ್ರೋಗ್ರಾಮಿನಲ್ಲಿ ತಪ್ಪಾದರೆ ಆ ಪ್ರೋಗ್ರಾಮ್ ಮಾತ್ರ ಸಾಯುತ್ತದೆ. ಡ್ರೈವರಿನಲ್ಲಿ ತಪ್ಪಾದರೆ ಇಡೀ ಕಂಪ್ಯೂಟರೇ ಮಲಗಬಹುದು. ಹುಡುಗ ನನಗೆ ನಾಲ್ಕು ಬುದ್ಧಿಮಾತು ಹೇಳಿದ.

ಒಂದು: ಕೇಬಲ್ಲನ್ನು ಯಾರು ಯಾವಾಗ ಕೀಳುತ್ತಾರೋ ಹೇಳಲಾಗದು. ಮಾಹಿತಿ ಅರ್ಧ ಹೋಗಿರುವಾಗಲೇ ಕಿತ್ತರೂ ಡ್ರೈವರ್ ತಾಳಿಕೊಳ್ಳಬೇಕು. ಕಳಿಸಿದ್ದ ಚೀಟಿಗಳನ್ನೆಲ್ಲ ವಾಪಸ್ ಪಡೆದ ಮೇಲೆಯೇ ಜಾಗ ಖಾಲಿ ಮಾಡಬೇಕು. ಎರಡು: ‘ಕೆಲಸ ಮುಗಿಯಿತು’ ಎಂದು ಕರೆ ಬರುತ್ತದಲ್ಲ, ಆ ಗಳಿಗೆಯಲ್ಲಿ ಡ್ರೈವರ್ ನಿದ್ದೆ ಮಾಡುವಂತಿಲ್ಲ. ಯಾವುದಕ್ಕೂ ಕಾಯುತ್ತ ಕೂರದೆ ಚುಟುಕಾಗಿ ಮುಗಿಸಿ ಹೊರಡಬೇಕು. ಮೂರು: ಬಸ್ಸಿಗೆ ಹಾಕುವ ಮಾಹಿತಿಯನ್ನು ಫಂಕ್ಷನ್ನಿನ ಸ್ಟ್ಯಾಕ್ ಮೇಲೆ ಇಡಬಾರದು, ಬೇರೆಯಾಗಿ ಕೇಳಿ ಪಡೆದ ಜಾಗದಲ್ಲೇ ಇಡಬೇಕು. ನಾಲ್ಕು: ಸಾಧನ ಹೇಳಿದ್ದನ್ನೆಲ್ಲ ನಂಬಬಾರದು. ‘ನೂರು ಅಕ್ಷರ ಕಳಿಸಿದ್ದೇನೆ’ ಅಂದರೆ ಎಣಿಸಿ ನೋಡಬೇಕು. ಕೆಡುಕು ಮಾಡಲೆಂದೇ ತಯಾರಿಸಿದ ಸಾಧನಗಳೂ ಇರುತ್ತವೆ.

ಇಷ್ಟೆಲ್ಲ ಆಯಿತು, ನನ್ನ ಪ್ಲಾಟರಿನ ಕಥೆ ಏನಾಯಿತು? ಅದರೊಳಗೆ ಯುಎಸ್‌ಬಿಯನ್ನು ಹಳೆಯ ಸೀರಿಯಲ್ ದಾರಿಗೆ ತಿರುಗಿಸುವ ಒಂದು ಚಿಪ್ಪಿದೆ. ಆ ಚಿಪ್ಪು ಲಿನಕ್ಸಿಗೆ ಹಳೇ ಪರಿಚಯ. ಆದರೆ ಮಷೀನು ಮಾಡಿದವರು ಅದಕ್ಕೆ ತಮ್ಮದೇ ನಂಬರು ಹಾಕಿಸಿದ್ದರು. ಪಟ್ಟಿಯಲ್ಲಿ ನಂಬರಿಲ್ಲ, ಹಾಗಾಗಿ ಡ್ರೈವರ್ ತಿರುಗಿಯೂ ನೋಡುತ್ತಿರಲಿಲ್ಲ. ಚಾಲ್ತಿಯಲ್ಲಿರುವ ಡ್ರೈವರಿಗೆ ಹೊಸ ನಂಬರು ತಿಳಿಸಲು ಲಿನಕ್ಸಿನಲ್ಲಿ ‘ನ್ಯೂ ಐಡಿ’ ಎಂಬ ಕಿಂಡಿಯೊಂದಿದೆ. ಹುಡುಗ ಆ ಎರಡು ನಂಬರನ್ನು ಅದರೊಳಗೆ ಹಾಕಿದ. ಒಂದೇ ಸಾಲು! ಡ್ರೈವರ್ ಮಷೀನನ್ನು ಹಿಡಿದುಕೊಂಡಿತು. ಇಂಕ್‌ಸ್ಕೇಪಿನಿಂದ ಅಕ್ಷರ ಕಳಿಸಿದೆವು. ಬ್ಲೇಡ್ ‘ಕರ್’ ಅಂತ ಇಳಿದು ಮೊದಲ ‘ಕ’ ಕತ್ತರಿಸಿದಾಗ ನಾನು ಆ ಹುಡುಗನ ಕೈ ಹಿಡಿದುಕೊಂಡೆ. ನವೆಂಬರ್ ಒಂದರ ಬೆಳಿಗ್ಗೆ ಆರುನೂರು ಆಟೋಗಳ ಮೇಲೆ ಸ್ಟಿಕ್ಕರ್ ಇತ್ತು.

ಯೋಚಿಸಿ. ಒಂದು ಸಾಲು ಇಲ್ಲದ್ದಕ್ಕೆ ಒಂದು ಮಷೀನು ಗುಜರಿಗೆ ಹೋಗುತ್ತಿತ್ತು. ಆ ಸಾಲು ಬರೆಯಲು ಸಾಧ್ಯವಾದದ್ದು ಹೇಗೆ? ಡ್ರೈವರಿನ ಮೂಲ ಬರಹ ಎಲ್ಲರ ಕಣ್ಣಿಗೂ ತೆರೆದಿತ್ತು, ಅದರಿಂದ.

ಇದೇನು ಹೊಸ ಜಗಳವಲ್ಲ. 1980ರ ಹೊತ್ತಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಆಗಾಗ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಾಗಾದಾಗ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಸಾಫ್ಟ್‌ವೇರ್ ತಿದ್ದಬೇಕೆಂದು ರಿಚರ್ಡ್ ಸ್ಟಾಲ್‌ಮನ್ ಹೊರಟರು. ಮೂಲ ಬರಹ ಕೇಳಿದರೆ, ಕೊಡುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಆ ಕಹಿ ಅವರನ್ನು ಬಿಡಲಿಲ್ಲ. 1983ರಲ್ಲಿ ಗ್ನು ಯೋಜನೆ ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಹೊರತಂದರು. ನೋಡಿ, ಇಷ್ಟು ದೊಡ್ಡ ಚಳವಳಿಯ ಬೇರಿನಲ್ಲಿ ಒಂದು ಪ್ರಿಂಟರ್ ಇದೆ! ಪ್ರೆಸ್ಸಿನವನಿಗೆ ಹೆಮ್ಮೆಯಾಗದೆ ಇರುತ್ತದೆಯೇ?

ಇನ್ನೊಂದು ಕೇಳಿ. ಸ್ಕಾಟ್ಲೆಂಡಿನ ಎಫ್‌ಟಿಡಿಐ ಎಂಬ ಕಂಪನಿ ಇಂಥದೇ ಯುಎಸ್‌ಬಿ-ಸೀರಿಯಲ್ ಚಿಪ್ಪು ಮಾಡುತ್ತದೆ. ಪೇಟೆಯಲ್ಲಿ ಅದರ ನಕಲಿಗಳೂ ತುಂಬಿದ್ದವು. 2014ರ ಅಕ್ಟೋಬರಿನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅವರ ಹೊಸ ಡ್ರೈವರ್, ನಕಲಿ ಚಿಪ್ಪು ಕಂಡರೆ ಅದರೊಳಗಿನ ಮಾಲಿನ ನಂಬರನ್ನೇ 0000 ಎಂದು ಬದಲಿಸಿತು! ನಕಲಿ ಮಾಡಿದ್ದು ತಪ್ಪೇ. ಆದರೆ ಏನೂ ಅರಿಯದೆ ದುಡ್ಡು ಕೊಟ್ಟು ಕೊಂಡವನ ಸಾಧನ ರಾತ್ರೋರಾತ್ರಿ ಮೂಕವಾಯಿತು. ಗಲಾಟೆಯಾದ ಮೇಲೆ ಕಂಪನಿ ಆ ಡ್ರೈವರನ್ನು ಹಿಂದೆಗೆದುಕೊಂಡಿತು. ಲಿನಕ್ಸಿನವರು ಏನು ಮಾಡಿದರು ಗೊತ್ತೆ? ಕಂಪನಿ ನಂಬರು 0403, ಮಾಲಿನ ನಂಬರು 0000, ಈ ಜೋಡಿಯನ್ನೂ ತಮ್ಮ ಐಡಿ ಟೇಬಲ್ಲಿಗೆ ಸೇರಿಸಿದರು. ಮೂಕವಾದವು ಅಲ್ಲಿ ಮತ್ತೆ ಮಾತಾಡಿದವು. ಪಟ್ಟಿ ಯಾರ ಕೈಯಲ್ಲಿದೆಯೋ ಮಷೀನಿನ ಜುಟ್ಟು ಅವರ ಕೈಯಲ್ಲಿ!

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನನ್ನ ಪ್ರೆಸ್ಸಿನಲ್ಲಿ ಬರೆದ ಆ ಸಾಲು ನನ್ನ ಕಂಪ್ಯೂಟರಿಗೆ ಮಾತ್ರ. ಗದಗಿನಲ್ಲೋ ತಿಪಟೂರಿನಲ್ಲೋ ಇದೇ ಮಷೀನು ಇಟ್ಟುಕೊಂಡು ತಲೆಯ ಮೇಲೆ ಕೈಹೊತ್ತು ಕೂತವನಿಗೆ ಅದರಿಂದ ಲಾಭವಿಲ್ಲ. ಸಾಲು ಕರ್ನಲ್ಲಿನ ಮೂಲ ಪಟ್ಟಿಗೇ ಸೇರಬೇಕು. ಅದಕ್ಕೆ ತಿದ್ದುಪಡಿ ಬರೆದು, ಕಾರಣವನ್ನು ನಾಲ್ಕು ಸಾಲಿನಲ್ಲಿ ತಿಳಿಸಿ, ‘ಇದಕ್ಕೆ ನಾನು ಹೊಣೆ’ ಎಂದು ಹೆಸರಿನ ಸಹಿ ಹಾಕಿ ಆ ಭಾಗದ ಉಸ್ತುವಾರಿಗೆ ಕಳಿಸಬೇಕು. ಶುಲ್ಕವಿಲ್ಲ, ಶಿಫಾರಸು ಬೇಡ. ಹುಡುಗನನ್ನು ಕೇಳಿದೆ, ಯಾಕಪ್ಪ ಕಳಿಸಿಲ್ಲ? ತಲೆ ತಗ್ಗಿಸಿದ. “ನನ್ನ ಇಂಗ್ಲಿಷ್ ಸರಿಯಿಲ್ಲ ಸಾರ್. ಅಲ್ಲಿರೋರೆಲ್ಲ ದೊಡ್ಡೋರು.”

ನನಗೆ ಹೊಟ್ಟೆ ಉರಿಯಿತು. ಯುಆರ್‌ಬಿ ಎಂದರೇನೆಂದು ಪಿಯುಸಿ ಓದಿದ ನನಗೆ ಕನ್ನಡದಲ್ಲಿ ಅರ್ಥ ಮಾಡಿಸಿದ ಹುಡುಗ ಇವನು! ಆ ಕಾಗದ ಇಂಗ್ಲಿಷಿನಲ್ಲೇ ಹೋಗಬೇಕು, ನಿಜ. ನಾಲ್ಕು ಸಾಲು ತಾನೆ? ತಪ್ಪಿದ್ದರೆ ತಿದ್ದುತ್ತಾರೆ. ಅವರು ಮೊದಲು ನೋಡುವುದು ಕೋಡು. ಕರ್ನಲ್ಲಿನ ಜೊತೆಗೇ ಬರುವ ದಾಖಲೆಗಳಿಗೆ ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದಗಳಿವೆ. ಅವರವರ ಹುಡುಗರು ಕೂತು ಮಾಡಿದ್ದು. ಕನ್ನಡದ ಕಡತ ಅಲ್ಲಿಲ್ಲ. ಬೆಂಗಳೂರಿನಲ್ಲಿ ಸಂಬಳಕ್ಕೆ ಡ್ರೈವರ್ ಬರೆಯುವ ಕನ್ನಡಿಗರಿಗೆ ಬರವಿಲ್ಲ. ಅವರು ಕಲಿತದ್ದು ನಮ್ಮ ಮಾತಿಗೆ ಇಳಿದಿಲ್ಲ. ಇದನ್ನು ಯಾರೂ ನಮ್ಮಿಂದ ಕಿತ್ತುಕೊಂಡಿದ್ದಲ್ಲ, ನಾವೇ ಕೈ ಹಾಕಿಲ್ಲ.

ಶುರು ಮಾಡಲು ಏನು ಬೇಕು? ಒಂದು ಹಳೆ ಲ್ಯಾಪ್‌ಟಾಪ್ ಸಾಕು. ಸಿ ಭಾಷೆ ಕಲಿಯಿರಿ. ಕರ್ನಲ್ ಮೂಲದಲ್ಲಿ ‘ಯುಎಸ್‌ಬಿ ಸ್ಕೆಲಿಟನ್’ ಎಂಬ ಮಾದರಿ ಡ್ರೈವರ್ ಇದೆ, ಕಲಿಯುವವರಿಗೆಂದೇ ಇಟ್ಟದ್ದು. ‘ಯುಎಸ್‌ಬಿಎಲ್‌ಪಿ’ ಅಂತ ಪ್ರಿಂಟರ್ ಡ್ರೈವರ್ ಇದೆ, ಅದನ್ನೂ ಓದಿ. ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಪುಸ್ತಕದ 2005ರ ಮೂರನೇ ಮುದ್ರಣ ಪುಕ್ಕಟೆ ಸಿಗುತ್ತದೆ. ಕೋಡು ಹಳೆಯದಾಗಿದೆ, ತತ್ವ ಹಳೆಯದಾಗಿಲ್ಲ. ಮೊದಮೊದಲು ವರ್ಚುಯಲ್ ಮಷೀನಿನಲ್ಲಿ ಪ್ರಯೋಗ ಮಾಡಿ. ಬಿದ್ದರೆ ಅದು ಬೀಳಲಿ, ನಿಮ್ಮ ಕಂಪ್ಯೂಟರ್ ಉಳಿಯಲಿ. ಕಲಿತದ್ದನ್ನು ಕನ್ನಡದಲ್ಲಿ ಬರೆದು ತನ್ನಿ. ಅಚ್ಚು ಹಾಕುವ ಹೊಣೆ ನನ್ನದು, ಕಾಗದದ ಖರ್ಚೂ ನನ್ನದೇ.

ಕೊನೆಯ ಮಾತು. ಆ ಹುಡುಗ ಈ ಸಭೆಯಲ್ಲೇ ಎಲ್ಲೋ ಹಿಂದೆ ಕೂತಿದ್ದಾನೆ. ಹೆಸರು ಹೇಳುವುದಿಲ್ಲ, ನಾಚಿಕೊಳ್ಳುತ್ತಾನೆ. ಅವನ ನಾಲ್ಕು ಸಾಲಿನ ಕಾಗದ ಎರಡು ವರ್ಷದಿಂದ ಲ್ಯಾಪ್‌ಟಾಪಿನಲ್ಲೇ ಇದೆ. ನೋಡಪ್ಪಾ, ಇವತ್ತು ರಾತ್ರಿ ಊಟಕ್ಕೆ ಕೂರುವ ಮುಂಚೆ ಅದನ್ನು ಕಳಿಸು. ತಿಪಟೂರಿನವನು ಕಾಯುತ್ತಿದ್ದಾನೆ.